ಏಣಿ ಹತ್ತದೆ, ಒರೆಸದೆ ಕಿಟಕಿ ತೊಳೆಯುವುದು: ಶುದ್ಧ ನೀರಿನ ಕೋಲನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಬಗೆ

ಪ್ರಶ್ನೆ: ನಮ್ಮದು ಎರಡು ಮಹಡಿಯ ಮನೆ. ಮೇಲಿನ ಕಿಟಕಿಗಳ ಹೊರಮೈ ತೊಳೆಯಲು ಪ್ರತಿಸಲ ಏಣಿ ಹತ್ತಬೇಕು. ಈಗೀಗ ಅದಕ್ಕೆ ಧೈರ್ಯ ಸಾಲುತ್ತಿಲ್ಲ. ಪೇಂಟರ್‌ಗಳು ಬಳಸುವ ಉದ್ದ ಮಾಡುವ ಅಲ್ಯೂಮಿನಿಯಂ ಕೋಲಿಗೆ ಕಾರು ತೊಳೆಯುವ ಬ್ರಷ್ ಕಟ್ಟಿ, ನಲ್ಲಿ ಪೈಪು ಸೇರಿಸಿ ತೊಳೆದೆ. ಒದ್ದೆ ಇರುವಾಗ ಚೆನ್ನಾಗಿತ್ತು, ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಚುಕ್ಕೆ. ನೀರಿನ ಟಿಡಿಎಸ್ 380 ಇದೆ. ಶುದ್ಧ ನೀರಾದರೆ ಒರೆಸುವುದೇ ಬೇಡ ಎಂದು ಕೇಳಿದ್ದೇನೆ. ಮನೆಯಲ್ಲಿ ಹಳೆಯ ಕುಡಿಯುವ ನೀರಿನ ಆರ್‌ಒ ಒಂದು ಸುಮ್ನೆ ಕೂತಿದೆ. ಅದರಲ್ಲಿ ಏನಾದರೂ ಮಾಡಬಹುದಾ? ಸಾಫ್ಟ್‌ನರ್ ಹಾಕಿಸಿದರೆ ಸಾಕಾಗಲ್ವಾ?

ಉತ್ತರ: ಮುಕ್ಕಾಲು ಕೆಲಸ ನೀವೇ ಮಾಡಿಬಿಟ್ಟಿದ್ದೀರಿ. ಕೋಲು ಇದೆ, ಬ್ರಷ್ ಇದೆ, ಕೆಳಗೆ ನಿಂತೇ ತೊಳೆಯಬೇಕು ಎನ್ನುವ ಬುದ್ಧಿಯೂ ಇದೆ. ಕೈಕೊಟ್ಟಿದ್ದು ನೀರು. ಈ ವಿಷಯದಲ್ಲಿ ನನ್ನದು ಒಂದೇ ಹಟ. ಕೋಲು ಹೇಗಿದ್ದರೂ ನಡೆಯುತ್ತದೆ, ನೀರು ಹೇಗಿದ್ದರೂ ನಡೆಯುವುದಿಲ್ಲ. ಎಷ್ಟೋ ಜನ ಹಗುರವಾದ ದುಬಾರಿ ಕೋಲು ತಂದು, ನೀರಿನ ಕಡೆ ತಲೆ ಕೆಡಿಸಿಕೊಳ್ಳದೆ, ಆಮೇಲೆ ಬಟ್ಟೆ ಹಿಡಿದು ಏಣಿ ಹತ್ತುತ್ತಾರೆ.

ಟಿಡಿಎಸ್ 380 ಎಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 380 ಮಿಲಿಗ್ರಾಂ ಉಪ್ಪಿನಂಶ ಕರಗಿದೆ ಎಂದರ್ಥ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಇಂಥವು. ನೀರು ಆವಿಯಾಗುತ್ತದೆ, ಇವು ಆಗುವುದಿಲ್ಲ. ಗಾಜಿನ ಮೇಲೇ ಕೂರುತ್ತವೆ. ವೈಪರ್ ಎಳೆದು ನೀರನ್ನೇ ತೆಗೆದುಬಿಟ್ಟರೆ ಅದರೊಂದಿಗೆ ಉಪ್ಪೂ ಹೋಗುತ್ತದೆ. ಕೋಲಿನ ಪದ್ಧತಿಯಲ್ಲಿ ನಾವು ನೀರನ್ನು ಗಾಜಿನ ಮೇಲೆಯೇ ಒಣಗಲು ಬಿಡುತ್ತೇವೆ. ಆದ್ದರಿಂದ ಉಳಿಯುವಂಥದ್ದು ಆ ನೀರಿನಲ್ಲಿ ಏನೂ ಇರಬಾರದು.

ಇದನ್ನು ಕಣ್ಣಾರೆ ನೋಡಲು ಒಂದು ಸಣ್ಣ ಪರೀಕ್ಷೆ ಇದೆ. ಯಂತ್ರ ಕಟ್ಟಿದ ದಿನ ನಾನು ತಪ್ಪದೆ ಮಾಡುತ್ತೇನೆ. ಒಂದು ಕನ್ನಡಿಯನ್ನು ಚೆನ್ನಾಗಿ ಒರೆಸಿ ಮೇಜಿನ ಮೇಲೆ ಮಲಗಿಸಿ. ನಲ್ಲಿ ನೀರಿನದು ಒಂದು ಹನಿ, ಆರ್‌ಒ ನೀರಿನದು ಒಂದು, ರೆಸಿನ್ (ಉಳಿದ ಉಪ್ಪನ್ನೂ ಹಿಡಿದುಕೊಳ್ಳುವ ಸಣ್ಣ ಮಣಿಗಳು, ಮುಂದೆ ಹೇಳುತ್ತೇನೆ) ದಾಟಿ ಬಂದ ನೀರಿನದು ಒಂದು, ಹೀಗೆ ಸಾಲಾಗಿ ಇಟ್ಟು ಒಣಗಲು ಬಿಡಿ. ನಲ್ಲಿ ನೀರು ಒಣಗಿದ ಜಾಗದಲ್ಲಿ ಪುಟ್ಟ ಬಳೆಯ ಹಾಗೆ ದಪ್ಪ ಬಿಳಿ ಉಂಗುರ ಕಾಣುತ್ತದೆ, ಉಗುರಿಗೆ ತಗಲುತ್ತದೆ. ಎರಡನೆಯದು ಎದುರಿನಿಂದ ಕಾಣುವುದಿಲ್ಲ, ಟಾರ್ಚನ್ನು ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆ ಸಿಗುತ್ತದೆ. ಮೂರನೆಯ ಹನಿ ಎಲ್ಲಿತ್ತು ಎಂದು ಹುಡುಕಬೇಕಾಗುತ್ತದೆ. ಹುಡುಕಬೇಕಾಗಿ ಬಂತು ಎಂದರೆ ನೀರು ಗೆದ್ದಿತು.

ಸಾಫ್ಟ್‌ನರ್ ಬೇಡ. ಇದು ತುಂಬ ಜನ ಎಡವುವ ಜಾಗ. ಸಾಫ್ಟ್‌ನರ್ ಉಪ್ಪನ್ನು ತೆಗೆಯುವುದಿಲ್ಲ, ಬದಲಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಮೀಟರ್ ಅದ್ದಿ ನೋಡಿದರೆ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಗ ಬೀಳುವ ಕಲೆ ಸುಲಭವಾಗಿ ಒರೆಸಿಕೊಂಡು ಹೋಗುತ್ತದೆ, ನಿಜ. ಆದರೆ ಒರೆಸುವವರು ಯಾರು, ಏಣಿ ಹತ್ತಿ? ಕುದಿಸಿ ಆರಿಸಿದರೂ ಈ ಕೆಲಸಕ್ಕೆ ಪ್ರಯೋಜನವಿಲ್ಲ. ಯುವಿ ದೀಪ ಕೀಟಾಣು ಕೊಲ್ಲುತ್ತದೆ, ಉಪ್ಪನ್ನು ಮುಟ್ಟುವುದಿಲ್ಲ. ಮಳೆನೀರಿನ ಟಿಡಿಎಸ್ ಮಾತ್ರ ಹುಟ್ಟಾ ಕಡಿಮೆ. ಚಾವಣಿಯ ದೂಳನ್ನು ಸೋಸಿ ಕೊನೆಯಲ್ಲಿ ರೆಸಿನ್ ದಾಟಿಸಿದರೆ ಸೊಗಸಾಗಿ ಕೆಲಸಕ್ಕೆ ಬರುತ್ತದೆ.

ಗುರಿ ಎಷ್ಟು? 0 ಬಂದರೆ ಒಳ್ಳೆಯದು. 10ರ ಒಳಗಿದ್ದರೆ ಸಾಮಾನ್ಯವಾಗಿ ಕಣ್ಣಿಗೆ ಕಲೆ ಕಾಣುವುದಿಲ್ಲ. ಕಪ್ಪು ಗಾಜು, ಬಿಸಿಲು ನೇರ ಬೀಳುವ ದೊಡ್ಡ ಗಾಜು ಇದ್ದರೆ ಅದೂ ಜಾಸ್ತಿಯೇ.

ಈಗ ನಿಮ್ಮ ಹಳೆಯ ಆರ್‌ಒ. ಅದರೊಳಗೆ ಉಪ್ಪನ್ನು ತಡೆಯುವ ಪೊರೆಯೇ ಮೆಂಬ್ರೇನ್. ಒಳ್ಳೆಯ ಮೆಂಬ್ರೇನ್ ಉಪ್ಪಿನಲ್ಲಿ ನೂರಕ್ಕೆ 95ರಿಂದ 98 ಪಾಲು ತಡೆಯುತ್ತದೆ. ಅಂದರೆ ನಿಮ್ಮ 380 ಇಳಿದು 8ರಿಂದ 19ರ ನಡುವೆ ನಿಲ್ಲಬೇಕು. ವರ್ಷಗಟ್ಟಲೆ ಒಣಗಿ ಕೂತಿದ್ದ ಮೆಂಬ್ರೇನ್ ಅಷ್ಟು ಕೊಡುವುದಿಲ್ಲ. ಅದನ್ನು ಬಿಸಾಕಿ ಹೊಸದು ಹಾಕಿ. ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್ ಎರಡೂ ಹೊಸದಾಗಲಿ. ಇನ್ನೊಂದು ಮುಖ್ಯ ಕೆಲಸ ಇದೆ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಉಪ್ಪಿನಂಶ ವಾಪಸ್ ಸೇರಿಸುವ ವ್ಯವಸ್ಥೆ ಇರುವುದುಂಟು. ಟಿಡಿಎಸ್ ಹೊಂದಿಸುವ ಪುಟ್ಟ ತಿರುಪು ಇರಬಹುದು, ಮಿನರಲ್ ಕಾರ್ಟ್ರಿಡ್ಜ್ ಇರಬಹುದು. ಅವನ್ನು ಕಿತ್ತು ಮೆಂಬ್ರೇನ್‌ನಿಂದ ಬರುವ ಪೈಪನ್ನು ನೇರ ಹೊರಗೆ ತನ್ನಿ. ಯುವಿಯೂ ಬೇಡ. ಒಳಗಿರುವ ಒತ್ತಡದ ಪಂಪನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಅದೇ ಯಂತ್ರದ ಜೀವ.

ಕಾರ್ಬನ್ ಫಿಲ್ಟರ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಮೊದಲ ಸಲ ಕಟ್ಟಿದಾಗ ನೀರು ನೋಡಲು ತಿಳಿಯಾಗಿದೆಯಲ್ಲ ಎಂದು ಹಳೆಯ ಕಾರ್ಬನ್ನನ್ನೇ ಮುಂದುವರಿಸಿದೆ. ಕೆಲವೇ ತಿಂಗಳಲ್ಲಿ ಮೆಂಬ್ರೇನ್ ದಾಟಿದ ನೀರು 9ರಿಂದ 40ಕ್ಕೆ ಏರಿತು. ನಲ್ಲಿ ನೀರಿನ ಕ್ಲೋರಿನ್ ಮೆಂಬ್ರೇನ್‌ನ ತೆಳು ಪದರವನ್ನು ತಿಂದುಹಾಕಿತ್ತು. ಅದನ್ನು ತಡೆಯುವುದೇ ಕಾರ್ಬನ್ ಕೆಲಸ. ಅಗ್ಗದ ಫಿಲ್ಟರ್ ಉಳಿಸಲು ಹೋಗಿ ದುಬಾರಿ ಮೆಂಬ್ರೇನ್ ಕಳೆದುಕೊಂಡೆ. ಆಮೇಲಿಂದ ಕಾರ್ಬನ್ ಬದಲಿಸಿದ ದಿನಾಂಕವನ್ನು ಡಬ್ಬಿಯ ಮೇಲೇ ಮಾರ್ಕರ್‌ನಲ್ಲಿ ಬರೆಯುತ್ತೇನೆ.

ಮನೆಯ ಆರ್‌ಒ ನಿಧಾನ. ಮೆಂಬ್ರೇನ್ ಮೇಲೆ 100 ಜಿಪಿಡಿ ಎಂದಿದ್ದರೆ ದಿನಕ್ಕೆ 100 ಗ್ಯಾಲನ್, ಸುಮಾರು 380 ಲೀಟರ್. ಗಂಟೆಗೆ 16 ಲೀಟರ್ ಆಯಿತು. ಅದೂ ನೀರು 25 ಡಿಗ್ರಿ ಇದ್ದು, ತಯಾರಕರು ಹೇಳಿದಷ್ಟು ಒತ್ತಡ ಇದ್ದಾಗ. ನೀರು ತಣ್ಣಗಾದಂತೆ ಇದು ಕಡಿಮೆಯಾಗುತ್ತದೆ. ಆದರೆ ಕೋಲಿಗೆ ನಿಮಿಷಕ್ಕೇ ಒಂದರಿಂದ ಒಂದೂವರೆ ಲೀಟರ್ ಬೇಕು. ಆದ್ದರಿಂದ ಆರ್‌ಒಗೆ ನೇರ ಕೋಲು ಸಿಕ್ಕಿಸುವ ಆಸೆ ಬಿಡಿ. ರಾತ್ರಿ ಓಡಿಸಿ ಡ್ರಮ್ಮಿನಲ್ಲಿ ತುಂಬಿಸಿ, ಬೆಳಿಗ್ಗೆ ತೊಳೆಯಿರಿ. ಒಂದು ಕಿಟಕಿಗೆ ಎರಡು ಮೂರು ಲೀಟರ್ ಎಂದುಕೊಂಡರೆ 20 ಕಿಟಕಿಗೆ 60 ಲೀಟರ್. ಮೊದಲ ಸಲ ಅದರ ಎರಡರಷ್ಟು ಇಟ್ಟುಕೊಳ್ಳಿ. 150 ಲೀಟರಿನ ಡ್ರಮ್ಮಿದ್ದರೆ ನಿಶ್ಚಿಂತೆ. ಆರ್‌ಒ ಹೊರಬಿಡುವ ಉಪ್ಪು ನೀರು ಒಳ್ಳೆಯ ನೀರಿಗಿಂತ ಜಾಸ್ತಿಯೇ ಇರುತ್ತದೆ, ಅದಕ್ಕೂ ಒಂದು ಪಾತ್ರೆ ಇಡಿ. ನೆಲ ತೊಳೆಯಲು ಬರುತ್ತದೆ. ಆದರೆ ಆ ಕೊಳವೆಯಲ್ಲಿರುವ ಪುಟ್ಟ ತಡೆಯನ್ನು ಬಿಗಿ ಮಾಡಿ ನೀರು ಉಳಿಸಲು ಹೋಗಬೇಡಿ, ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ.

ಆರ್‌ಒ ದಾಟಿದ 10–15 ಅನ್ನು 0ಗೆ ಇಳಿಸುವುದು ಡಿಐ ರೆಸಿನ್ (ಡಿಐ ಎಂದರೆ ಡಿಅಯನೈಸಿಂಗ್, ಕರಗಿದ ಉಪ್ಪಿನಂಶ ತೆಗೆಯುವುದು). ಸಾಸಿವೆಗಿಂತ ಸಣ್ಣ ಮಣಿಗಳು, ಎರಡು ಜಾತಿ ಬೆರೆಸಿರುತ್ತಾರೆ. ಒಂದು ಜಾತಿ ಕ್ಯಾಲ್ಸಿಯಂನಂಥವನ್ನು ಹಿಡಿದು ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಕ್ಲೋರೈಡ್‌ನಂಥವನ್ನು ಹಿಡಿದು ಹೈಡ್ರಾಕ್ಸಿಲ್ ಬಿಡುತ್ತದೆ. ಎರಡೂ ಸೇರಿದರೆ ನೀರು. ಅಷ್ಟೇ ಮಾಯೆ.

ಹಾಗಾದರೆ ಆರ್‌ಒ ಯಾಕೆ, ಬರೀ ರೆಸಿನ್ ಸಾಲದೇ ಎಂದು ಕೇಳಬಹುದು. ಲೆಕ್ಕ ಹಾಕಿ. ಒಂದು ಲೀಟರ್ ಮಿಶ್ರ ರೆಸಿನ್ ಅಂದಾಜು 25 ಗ್ರಾಂ ಉಪ್ಪು ಹಿಡಿದು ಸುಸ್ತಾಗುತ್ತದೆ. 380ರ ನೀರು ನೇರ ಬಿಟ್ಟರೆ 65 ಲೀಟರಿಗೆ ಮುಗಿಯಿತು, ಒಂದು ದಿನದ ಕೆಲಸವೂ ಇಲ್ಲ. 15ಕ್ಕೆ ಇಳಿಸಿ ಬಿಟ್ಟರೆ ಸಾವಿರದ ಆರುನೂರು ಲೀಟರ್ ಸುತ್ತಮುತ್ತ. ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆಯೇ ಸಿಗುತ್ತದೆ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಮೆಂಬ್ರೇನ್ ದಾಟಿಬಂದು ರೆಸಿನ್‌ನ ಒಂದಿಷ್ಟು ಶಕ್ತಿ ತಿನ್ನುತ್ತದೆ, ಮೀಟರಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ನಲ್ಲಿ ನೀರೇ 50ರ ಒಳಗಿರುವವರಿಗೆ ಮಾತ್ರ ಬರೀ ರೆಸಿನ್ ಒಪ್ಪುತ್ತದೆ.

ರೆಸಿನ್ ಎಲ್ಲಿ ಕೂರಿಸಬೇಕು ಎನ್ನುವುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಡ್ರಮ್ಮಿನ ನಂತರ, ಕೋಲಿಗೆ ಹೋಗುವ ದಾರಿಯಲ್ಲಿ ಇಟ್ಟರೆ ಕೊನೆಯ ಕ್ಷಣದಲ್ಲಿ ಶುದ್ಧವಾಗುತ್ತದಲ್ಲ ಎಂಬ ಯೋಚನೆ. ದೊಡ್ಡ ಸಿಲಿಂಡರ್ ಇದ್ದರೆ ಸರಿ. ಒಂದು ಲೀಟರ್ ರೆಸಿನ್ ಇರುವ ಚಿಕ್ಕ ಡಬ್ಬಿಯಲ್ಲಿ ನಿಮಿಷಕ್ಕೆ ಒಂದೂವರೆ ಲೀಟರ್ ನುಗ್ಗಿದರೆ ನೀರಿಗೆ ಮಣಿಗಳ ಜೊತೆ ಮಾತಾಡಲು ಪುರುಸೊತ್ತೇ ಇರುವುದಿಲ್ಲ. ಆರ್‌ಒ ಮತ್ತು ಡ್ರಮ್ಮಿನ ನಡುವೆ ಇಡಿ. ಅಲ್ಲಿ ಗಂಟೆಗೆ 16 ಲೀಟರ್ ಮಾತ್ರ ಹರಿಯುತ್ತದೆ, ಆರಾಮಾಗಿ ಶುದ್ಧವಾಗುತ್ತದೆ. ಡ್ರಮ್ಮಿಗೆ ಮುಚ್ಚಳ ಇದ್ದರೂ ಗಾಳಿಯಾಡದಷ್ಟು ಬಿಗಿ ಇರುವುದಿಲ್ಲವಾದ್ದರಿಂದ ಡಬ್ಬಿಯ ಮೇಲೆ ಒತ್ತಡವೂ ಬೀಳುವುದಿಲ್ಲ, ಸಿಡಿಯುವ ಭಯ ಇಲ್ಲ. ಡ್ರಮ್ಮು ತುಂಬಿದಾಗ ನೀರನ್ನು ವಾಲ್ವಿನಿಂದ ತಡೆಯಬೇಡಿ. ಫ್ಲೋಟ್ ಸ್ವಿಚ್ ಹಾಕಿ ಆರ್‌ಒ ಯಂತ್ರದ ಕರೆಂಟೇ ಹೋಗುವಂತೆ ಮಾಡಿ.

ರೆಸಿನ್ ಡಬ್ಬಿಯಲ್ಲಿ ಸಡಿಲ ಜಾಗ ಬಿಡಬೇಡಿ. ನೀರು ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ, ಒಂದು ಬದಿಯಲ್ಲಿ ಕಾಲುವೆ ಕೊರೆದುಕೊಂಡು ಹೋದರೆ ಮಿಕ್ಕ ರೆಸಿನ್ ಸುಮ್ನೆ ಕೂತಿರುತ್ತದೆ. ತುಂಬುತ್ತಾ ಡಬ್ಬಿಯನ್ನು ನೆಲಕ್ಕೆ ಮೆತ್ತಗೆ ಕುಟ್ಟಿ ಕೂರಿಸಿ, ಮೇಲೆ ಸ್ಪಾಂಜ್ ಒತ್ತಿ. ಸಡಿಲವಾಗಿ ತುಂಬಿ ಕೆಳಗಿನಿಂದ ನೀರು ಬಿಟ್ಟರೆ ಎರಡು ಜಾತಿಯ ಮಣಿಗಳು ತೂಕದ ಮೇಲೆ ಬೇರೆಬೇರೆಯಾಗಿಬಿಡುತ್ತವೆ. ಒಣಗಲೂ ಬಿಡಬೇಡಿ, ಹೆಪ್ಪುಗಟ್ಟಲೂ ಬಿಡಬೇಡಿ. ಡಬ್ಬಿ ತೆರೆದಾಗ ಮೀನಿನ ವಾಸನೆ ಬಂದರೆ ರೆಸಿನ್ ಮುಗಿಯುತ್ತಾ ಬಂದಿದೆ ಎಂದು ಅನುಮಾನಿಸಿ.

ಆರ್‌ಒ ಚಾಲೂ ಮಾಡಿದ ಮೊದಲ ಕೆಲವು ನಿಮಿಷದ ನೀರನ್ನು ರೆಸಿನ್‌ಗೆ ಬಿಡಬೇಡಿ. ನಿಂತಿದ್ದ ಹೊತ್ತಿನಲ್ಲಿ ಉಪ್ಪು ಮೆಂಬ್ರೇನ್‌ನ ಈ ಕಡೆಗೆ ನುಸುಳಿರುತ್ತದೆ. ನಡುವೆ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಆ ನೀರನ್ನು ಬಕೆಟ್ಟಿಗೆ ಬಿಟ್ಟು, ಅಂಕಿ ಇಳಿದ ಮೇಲೆ ತಿರುಗಿಸಿಕೊಳ್ಳಿ. ರೆಸಿನ್ ಆಯುಷ್ಯ ಇದರಿಂದ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಮೀಟರನ್ನು ಪೂರ್ತಿ ನಂಬಬೇಡಿ. ಟಿಡಿಎಸ್ ಮೀಟರ್ ಅಳೆಯುವುದು ಕರೆಂಟ್ ಎಷ್ಟು ಹರಿಯುತ್ತದೆ ಎನ್ನುವುದನ್ನು. ಸಿಲಿಕಾ (ಮರಳಿನ ಅಂಶ) ನೀರಿನಲ್ಲಿದ್ದರೂ ಕರೆಂಟ್ ಒಯ್ಯುವುದು ತೀರಾ ಕಡಿಮೆ. ರೆಸಿನ್ ಸೋಲುವಾಗ ಮೊದಲು ಕೈಬಿಡುವುದೂ ಸಿಲಿಕಾವನ್ನೇ. ಹೀಗಾಗಿ ಮೀಟರ್ 1 ಎನ್ನುತ್ತಿರುತ್ತದೆ, ಗಾಜಿನ ಮೇಲೆ ಮಂಕು ಚುಕ್ಕೆ ಬಿದ್ದಿರುತ್ತದೆ. ಆಗ ಕನ್ನಡಿಯ ಹನಿಯೇ ಸಾಕ್ಷಿ. ಉಲ್ಟಾ ಕೂಡ ಆಗುತ್ತದೆ. ರಾತ್ರಿ 0 ಇದ್ದ ಡ್ರಮ್ಮಿನ ನೀರು ಬೆಳಿಗ್ಗೆ 1 ಅಥವಾ 2 ತೋರಿಸಿದರೆ ಗಾಬರಿ ಬೇಡ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದೆ, ಅದು ಕಲೆ ಮಾಡುವುದಿಲ್ಲ.

ಡ್ರಮ್ಮು ಬೆಳಕು ಬೀಳದಂಥದ್ದು, ಮುಚ್ಚಳ ಇರುವಂಥದ್ದು ಆಗಲಿ. ಕಾರ್ಬನ್ ಕ್ಲೋರಿನ್ನನ್ನು ತೆಗೆದಿರುವುದರಿಂದ ಈ ನೀರಿಗೆ ರಕ್ಷಣೆ ಇಲ್ಲ. ವಾರಗಟ್ಟಲೆ ನಿಂತ ಬೆಚ್ಚಗಿನ ನೀರಿನಲ್ಲಿ ಪಾಚಿಯೂ ಬೆಳೆಯುತ್ತದೆ, ಉಸಿರಿನ ಜೊತೆ ಒಳಹೋದರೆ ಕಾಯಿಲೆ ತರುವ ಬ್ಯಾಕ್ಟೀರಿಯಾವೂ ಬೆಳೆಯಬಹುದು. ಬ್ರಷ್ಷಿನಿಂದ ಹನಿಗಳು ಮುಖಕ್ಕೇ ಬರುತ್ತವೆ ಅಲ್ವಾ? ಬೇಕಾದಷ್ಟೇ ಮಾಡಿಕೊಳ್ಳಿ, ಮಿಕ್ಕಿದ್ದನ್ನು ಗಿಡಕ್ಕೆ ಹಾಕಿ ಡ್ರಮ್ಮು ಒಣಗಿಸಿ.

ಮಾಳಿಗೆಯ ಮೇಲೆ ಡ್ರಮ್ಮಿಟ್ಟರೆ ಪಂಪು ಉಳಿಯುತ್ತದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಪ್ರತಿ 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 1 ಬಾರ್ ಒತ್ತಡ. ಡ್ರಮ್ಮು 7 ಮೀಟರಿನಲ್ಲಿದ್ದು ಬ್ರಷ್ಷು 5 ಮೀಟರಿನಲ್ಲಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ಎರಡು ಮೀಟರಿನ ಒತ್ತಡ. ಸಣ್ಣ ಪೈಪಿನಲ್ಲಿ ಅದೂ ಸವೆದು ತೊಟ್ಟಿಕ್ಕುತ್ತದೆ. 12 ವೋಲ್ಟಿನ ಡಯಾಫ್ರಂ ಪಂಪು ತನ್ನಿ. ನಿಮಿಷಕ್ಕೆ 4–5 ಲೀಟರ್ ಎಂದು ಬರೆದಿರುವುದು ಸಾಕು. ಬ್ರಷ್ಷಿನಲ್ಲಿ ನೀರು ಚಿಮ್ಮುವ ಜೆಟ್ಟಿನ ತೂತು ಸಣ್ಣದಿರುವುದರಿಂದ ಪಂಪಿನ ಒತ್ತಡದ ಸ್ವಿಚ್ ಟಕ್ ಟಕ್ ಎಂದು ನಿಂತು ಓಡುತ್ತಿರುತ್ತದೆ. ಒಂದು ವೇಗ ನಿಯಂತ್ರಕ ಹಾಕಿ ಪಂಪನ್ನೇ ನಿಧಾನ ಮಾಡಿದರೆ ಆ ಕಾಟ ತಪ್ಪುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಗಂಟೆಗೆ 4 ಆಂಪಿಯರ್-ಅವರ್ ತಿಂದಿತು ಎನ್ನಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ 12ರಿಂದ 18 ಆಂಪಿಯರ್-ಅವರಿನದು ಒಪ್ಪುತ್ತದೆ. ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಇರಲಿ, ಇದೆಲ್ಲ ನೀರಿನ ಪಕ್ಕದಲ್ಲಿ ನಡೆಯುವ ಕೆಲಸ.

ಇನ್ನು ಕೋಲು. ಅದನ್ನು ಹಿಡಿಯುವ ಮೊದಲು ತಲೆ ಎತ್ತಿ ಸುತ್ತ ನೋಡಿ. ಅಲ್ಯೂಮಿನಿಯಂ ವಿದ್ಯುತ್ ಹರಿಸುತ್ತದೆ, ಕಾರ್ಬನ್ ಫೈಬರ್ ಕೂಡ ಹರಿಸುತ್ತದೆ. ಫೈಬರ್‌ಗ್ಲಾಸ್ ಒಣಗಿದ್ದಾಗ ತಡೆಯುತ್ತದೆ, ಆದರೆ ನಮ್ಮ ಕೋಲು ಒಣಗಿರುವುದೇ ಇಲ್ಲ. ಕೋಲನ್ನು ಪೂರ್ತಿ ಉದ್ದ ಮಾಡಿ, ಅದು ಯಾವ ಕಡೆ ವಾಲಿ ಬಿದ್ದರೂ ಕರೆಂಟ್ ತಂತಿಯ ಹತ್ತಿರಕ್ಕೂ ಹೋಗದು ಎನ್ನುವ ಕಡೆ ಮಾತ್ರ ಕೆಲಸ. ತಂತಿ ಇರುವ ಬದಿಯ ಕಿಟಕಿ ಕೊಳೆಯಾಗಿಯೇ ಇರಲಿ. ಇದರಲ್ಲಿ ಚೌಕಾಸಿ ಇಲ್ಲ.

ನಲ್ಲಿ ಪೈಪನ್ನು ಕೋಲಿಗೆ ಕಟ್ಟಿದ್ದಿರಲ್ಲ, ಕೈ ಸೋತಿರಬೇಕು. ಒಳಗೆ 5 ಮಿ.ಮೀ., ಹೊರಗೆ 8 ಮಿ.ಮೀ. ಇರುವ ಪಾಲಿಯುರೆಥೇನ್ ಪೈಪು ತನ್ನಿ. ಹತ್ತು ಮೀಟರಿನಲ್ಲಿ 200 ಗ್ರಾಂ ನೀರು ಮಾತ್ರ ಇರುತ್ತದೆ. ಕೋಲಿನ ತುದಿಯ 100 ಗ್ರಾಂ ಕೈಗೆ ಕಿಲೋಗಳ ಹಾಗೆ ಭಾಸವಾಗುತ್ತದೆ, ಅದಕ್ಕೇ ಇಷ್ಟು ಜಿಪುಣತನ. ಪೈಪನ್ನು ಕೋಲಿನ ಹೊರಗೇ ವೆಲ್ಕ್ರೋ ಪಟ್ಟಿಯಲ್ಲಿ ಸಡಿಲವಾಗಿ ಹಿಡಿಸಿ, ಕೋಲು ಉದ್ದ ಮಾಡಿದಾಗ ಜಗ್ಗಬಾರದು. ಸೊಂಟದ ಎತ್ತರದಲ್ಲಿ ಒಂದು ಪುಟ್ಟ ವಾಲ್ವ್ ಇರಲಿ. ಬ್ರಷ್ ಮೃದುವಾಗಿರಲಿ, 25–30 ಸೆಂ.ಮೀ. ಅಗಲ ಸಾಕು. ಅದರ ಹಲಗೆಗೆ ಎರಡು ತೂತು ಕೊರೆದು 2 ಮಿ.ಮೀ. ಬಾಯಿಯ ಎರಡು ಜೆಟ್ ಕೂರಿಸಿ, ನೀರು ಕೂದಲಿನ ನಡುವಿನಿಂದ ಗಾಜಿಗೆ ಬೀಳಬೇಕು. ಜೋಡಣೆಗಳೆಲ್ಲ ಪ್ಲಾಸ್ಟಿಕ್ಕಿನವು. ಶುದ್ಧ ನೀರು ಹಸಿದ ನೀರು, ಲೋಹ ಸಿಕ್ಕರೆ ಅದನ್ನೂ ಸ್ವಲ್ಪ ನೆಕ್ಕುತ್ತದೆ. ಬ್ರಷ್ಷಿಗೂ ಕೋಲಿಗೂ ನಡುವೆ ಬಗ್ಗಿಸಿ ಬಿಗಿಮಾಡುವ ಮೊಣಕೈ ಬೇಕೇ ಬೇಕು, ಇಲ್ಲದಿದ್ದರೆ ಕೆಳಗಿನಿಂದ ಬ್ರಷ್ಷಿನ ಅಂಚು ಮಾತ್ರ ಗಾಜಿಗೆ ತಾಗುತ್ತದೆ.

ತೊಳೆಯುವಾಗ ಗಾಜಿನಿಂದ ಶುರು ಮಾಡಬೇಡಿ, ಮೇಲಿನ ಚೌಕಟ್ಟಿನಿಂದ ಶುರು ಮಾಡಿ. ಅಲ್ಲಿನ ಸಂದುಗಳಲ್ಲಿ ವರ್ಷಗಳ ದೂಳು ಕೂತಿರುತ್ತದೆ. ಅದನ್ನು ಬಿಟ್ಟು ಗಾಜು ತೊಳೆದರೆ, ನೀವು ಪೈಪು ಸುತ್ತಿಡುವ ಹೊತ್ತಿಗೆ ಒಂದು ಕಂದು ಹನಿ ನಿಧಾನವಾಗಿ ಇಳಿಯುತ್ತದೆ. ಎಲ್ಲ ಕಿಟಕಿಗಳ ಚೌಕಟ್ಟು ಮೊದಲು ತೊಳೆದು, ಹನಿ ನಿಂತ ಮೇಲೆ ಗಾಜಿಗೆ ಬನ್ನಿ. ಗಾಜನ್ನು ಎಲ್ಲ ದಿಕ್ಕಿಗೂ ಉಜ್ಜಿ. ಸೋಪು ಹಾಕಬೇಡಿ, ಅದೇ ಕಲೆಯಾಗುತ್ತದೆ. ಉಜ್ಜಿದ್ದಕ್ಕಿಂತ ಜಾಲಿಸುವುದು ಮುಖ್ಯ. ಬ್ರಷ್ಷನ್ನು ಮೇಲಂಚಿಗೆ ಒಯ್ದು, ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಸರಿಸುತ್ತಾ ಕೊಳೆ ನೀರನ್ನು ಕೆಳಗೆ ತಳ್ಳಿ. ನೀರು ಹಾಳೆಯಂತೆ ಇಳಿಯುವ ಗಾಜಿನಲ್ಲಿ ಬ್ರಷ್ಷನ್ನು ಸ್ವಲ್ಪ ದೂರ ಹಿಡಿದರೂ ನಡೆಯುತ್ತದೆ. ಕೆಲವು ಗಾಜಿನಲ್ಲಿ ನೀರು ಮುತ್ತುಮುತ್ತಾಗಿ ನಿಲ್ಲುತ್ತದೆ, ಅಲ್ಲಿ ಕೂದಲು ಗಾಜಿಗೆ ತಾಗಿಸಿಕೊಂಡೇ ಜಾಲಿಸಬೇಕು. ಆಮೇಲೆ ಹಾಗೇ ಬಿಟ್ಟು ಬನ್ನಿ. ಒರೆಸುವ ಕೈ ತುರಿಸುತ್ತದೆ, ತಡೆದುಕೊಳ್ಳಿ. ಸುಡುಬಿಸಿಲಿನ ಹೊತ್ತು ಬೇಡ, ಜಾಲಿಸುವ ಮೊದಲೇ ಕೊಳೆ ನೀರು ಒಣಗಿಬಿಡುತ್ತದೆ.

ಮೊದಲ ಒಂದೆರಡು ಸಲ ಅಲ್ಲಲ್ಲಿ ಚುಕ್ಕೆ ಬಂದೇ ಬರುತ್ತದೆ, ಯಂತ್ರವನ್ನು ಬೈಯಬೇಡಿ. ಕಲೆ ಎಲ್ಲಿದೆ ನೋಡಿ. ಮೇಲಿನಿಂದ ಗೆರೆಯಾಗಿ ಇಳಿದಿದ್ದರೆ ಚೌಕಟ್ಟಿನ ಕೊಳೆ. ಕೆಳಗಿನ ಒಂದು ಗೇಣಿನಲ್ಲಿ ಮಾತ್ರ ಇದ್ದರೆ ಜಾಲಿಸಿದ್ದು ಸಾಲದು. ಇಡೀ ಗಾಜಿನಲ್ಲಿ ಒಂದೇ ಸಮ ಹರಡಿದ್ದರೆ ಆಗ ಮಾತ್ರ ನೀರಿನ ಮೇಲೆ ಅನುಮಾನಪಡಿ.

ಕೊನೆಗೆ, ನೀವು ಈಗಾಗಲೇ ನಲ್ಲಿ ನೀರು ಹಾಕಿ ಮಾಡಿಕೊಂಡ ಬಿಳಿ ಚುಕ್ಕೆಗಳು. ಹೊಸದಾದರೆ ಶುದ್ಧ ನೀರಿಗೇ ಕರಗುತ್ತವೆ. ಬಿಸಿಲಿಗೆ ಬೆಂದು ಗಟ್ಟಿಯಾಗಿದ್ದರೆ ಎಷ್ಟು ಉಜ್ಜಿದರೂ ಜಗ್ಗುವುದಿಲ್ಲ. ಬಿಳಿ ವಿನೆಗರ್ ಅಥವಾ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಶುದ್ಧ ನೀರಿನಲ್ಲಿ ಜಾಲಿಸಿ. ಕೆಳಗೆ ಅಮೃತಶಿಲೆಯ ಪಟ್ಟಿ ಇದ್ದರೆ ಅದರ ಮೇಲೆ ಒಂದು ಹನಿಯೂ ಬೀಳಬಾರದು, ಹೊಳಪು ತಿಂದುಬಿಡುತ್ತದೆ. ಗಾಜಿಗೆ ಲೇಪನ ಇದ್ದರೆ ಕೆಳಮಹಡಿಯ ಒಂದು ಗಾಜಿನ ಮೂಲೆಯಲ್ಲಿ ಹಚ್ಚಿ ನೋಡಿ, ಒಂದು ದಿನ ಕಾದು ಮುಂದಿನದಕ್ಕೆ ಕೈ ಹಾಕಿ.